ದುರ್ಬಲ ಗುರುತ್ವ ಮಸೂರ ಮತ್ತು ಅಳತೆಯ ವಾಲಿಕೆ

ಕೊಡಗಿನ ಕಾಫಿ ತೋಟಗಳಲ್ಲಿ ಮಳೆ ಅಳೆಯುವುದು ದಿನಚರಿಯ ಒಂದು ಭಾಗ. ಮನೆಯ ಮುಂದಿನ ಬಯಲಿನಲ್ಲೋ, ಕಾಫಿ ಕಣದ ಅಂಚಿನಲ್ಲೋ ಮಳೆಮಾಪಕ ಇರುತ್ತದೆ. ಬೆಳಗ್ಗೆ ಅದರಲ್ಲಿ ಸಂಗ್ರಹವಾದ ನೀರನ್ನು ಅಳತೆಯ ಗಾಜಿಗೆ ಸುರಿದು ‘ಇಷ್ಟು ಇಂಚು, ಇಷ್ಟು ಸೆಂಟ್’ ಎಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಒಂದು ಇಂಚಿಗೆ ನೂರು ಸೆಂಟ್. ಹೂಮಳೆ ಸಾಕಷ್ಟು ಬಂತೇ, ಇಲ್ಲ ಸ್ಪ್ರಿಂಕ್ಲರ್ ಹಾಕಬೇಕೇ ಎಂಬ ತೀರ್ಮಾನ ಈ ಸಂಖ್ಯೆಯನ್ನು ಅವಲಂಬಿಸಿದೆ. ಮಳೆಯ ಅಳತೆ ಎಷ್ಟು ಮುಖ್ಯ ಎಂಬುದನ್ನು 2018ರ ಆಗಸ್ಟ್‌ನ ಭೂಕುಸಿತಗಳನ್ನು ಕಂಡ ಕೊಡಗಿನವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಈ ಅಳತೆಯಲ್ಲಿ ತಪ್ಪು ಎಲ್ಲೆಲ್ಲಿ ನುಸುಳಬಹುದು? ಒಂದು ದಿನ ಗಾಜಿನ ಗೆರೆಯನ್ನು ಸ್ವಲ್ಪ ಮೇಲೆ ಓದಬಹುದು, ಇನ್ನೊಂದು ದಿನ ಸ್ವಲ್ಪ ಕೆಳಗೆ ಓದಬಹುದು. ಇಂಥ ತಪ್ಪುಗಳು ಯಾದೃಚ್ಛಿಕ. ವರ್ಷದ ಲೆಕ್ಕ ಹಾಕುವಾಗ ಹೆಚ್ಚು ಕಡಿಮೆಗಳು ಪರಸ್ಪರ ಹೊಡೆದುಹೋಗುತ್ತವೆ. ಆದರೆ ಮಾಪಕದ ಬಾಯಿಯ ಅಂಚು ನಗ್ಗಿ ಅದರ ವಿಸ್ತೀರ್ಣ ಶೇಕಡಾ 2ರಷ್ಟು ಕುಗ್ಗಿದೆ ಎಂದುಕೊಳ್ಳಿ. ಆಗ ಪ್ರತಿದಿನದ ಓದೂ ಶೇಕಡಾ 2ರಷ್ಟು ಕಡಿಮೆಯಾಗುತ್ತದೆ. 200 ಇಂಚು ಮಳೆ ಬೀಳುವ ಕಡೆ 4 ಇಂಚು ಲೆಕ್ಕಕ್ಕೇ ಬರುವುದಿಲ್ಲ. ಜೋರು ಗಾಳಿಯೂ ಹೀಗೆಯೇ ಹನಿಗಳನ್ನು ಮಾಪಕದ ಬಾಯಿಗೆ ಬೀಳದಂತೆ ಆಚೆಗೆ ಒಯ್ಯುತ್ತದೆ. ಇನ್ನು ಮಾಪಕದ ಮೇಲೆ ಮರದ ಕೊಂಬೆಯೊಂದು ಚಾಚಿದ್ದರೆ, ಮಳೆ ಬಾರದ ದಿನವೂ ಮಂಜಿನ ಹನಿ ತೊಟ್ಟಿಕ್ಕಿ ಒಂದೆರಡು ಸೆಂಟ್ ಸೇರಿಕೊಳ್ಳುತ್ತದೆ. ಇವು ವ್ಯವಸ್ಥಿತ ದೋಷಗಳು. ಹತ್ತು ವರ್ಷ ಅಳೆದರೂ, ನೂರು ವರ್ಷ ಅಳೆದರೂ ಸರಾಸರಿಯಲ್ಲಿ ಅವು ಮಾಯವಾಗುವುದಿಲ್ಲ. ತಕ್ಕಡಿ ಸದಾ ಒಂದೇ ಕಡೆಗೆ ವಾಲಿದಂತೆ ಅಳತೆಯೂ ಒಂದೇ ಕಡೆಗೆ ವಾಲುತ್ತದೆ. ಇದನ್ನು ನಾವು ಅಳತೆಯ ‘ವಾಲಿಕೆ’ ಎಂದು ಕರೆಯೋಣ.

ವಿಶ್ವದಲ್ಲಿ ದ್ರವ್ಯ ಹೇಗೆ ಹಂಚಿಹೋಗಿದೆ ಎಂದು ಕೋಟಿಗಟ್ಟಲೆ ಗೆಲಾಕ್ಸಿಗಳ ಆಕಾರವನ್ನು ಅಳೆಯುತ್ತಿರುವ ಖಗೋಳ ವಿಜ್ಞಾನಿಗಳನ್ನೂ ಇದೇ ವಾಲಿಕೆ ಕಾಡುತ್ತಿದೆ. ಅವರ ಮಾಪಕದ ಅಂಚು ಎಷ್ಟು ನಗ್ಗಿದೆ ಎಂಬುದರ ಮೇಲೆ ವಿಶ್ವದ ಬಗ್ಗೆ ನಮಗಿರುವ ಚಿತ್ರ ಸರಿಯೇ ತಪ್ಪೇ ಎಂಬ ತೀರ್ಮಾನ ನಿಂತಿದೆ.

ಬೆಳಕು ಬಾಗುತ್ತದೆ

ದ್ರವ್ಯರಾಶಿಯ ಸಮೀಪದಲ್ಲಿ ಹಾದುಹೋಗುವ ಬೆಳಕು ಬಾಗುತ್ತದೆ. ಐನ್‌ಸ್ಟೈನರ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತದಂತೆ ಸೂರ್ಯನ ಅಂಚನ್ನು ಸವರಿ ಬರುವ ನಕ್ಷತ್ರದ ಬೆಳಕು 1.75 ಕೋನ ಸೆಕೆಂಡಿನಷ್ಟು ಬಾಗಬೇಕು. (ಒಂದು ಡಿಗ್ರಿಯ 3600ನೇ ಒಂದು ಭಾಗ ಒಂದು ಕೋನ ಸೆಕೆಂಡು.) ನ್ಯೂಟನ್ನರ ನಿಯಮಗಳಿಂದ ಲೆಕ್ಕ ಹಾಕಿದರೆ ಬರುವುದು ಇದರ ಅರ್ಧ, ಅಂದರೆ ಸುಮಾರು 0.87. ಯಾವುದು ಸರಿ ಎಂದು ತಿಳಿಯಲು ಸೂರ್ಯನ ಪಕ್ಕದ ನಕ್ಷತ್ರಗಳು ಕಾಣಬೇಕು. ಅದಕ್ಕೆ ಖಗ್ರಾಸ ಗ್ರಹಣವೇ ಆಗಬೇಕು. 2019ರ ಡಿಸೆಂಬರ್ 26ರಂದು ದಕ್ಷಿಣ ಕೊಡಗಿನ ಕುಟ್ಟದಲ್ಲಿ ಕಂಡಂಥ ಕಂಕಣ ಗ್ರಹಣ ಇದಕ್ಕೆ ಸಾಲದು. ಅಂಚಿನಲ್ಲಿ ಉಳಿದ ಬೆಳಕಿನ ಬಳೆಯೇ ಸುತ್ತಲ ನಕ್ಷತ್ರಗಳನ್ನು ಮರೆಮಾಡಿಬಿಡುತ್ತದೆ.

1919ರ ಮೇ 29ರ ಖಗ್ರಾಸ ಗ್ರಹಣದಲ್ಲಿ ಈ ಪರೀಕ್ಷೆ ನಡೆಯಿತು. ಆಫ್ರಿಕಾದ ಬಳಿಯ ಪ್ರಿನ್ಸಿಪೆ ದ್ವೀಪದಲ್ಲಿ ಎಡಿಂಗ್ಟನ್ ಮತ್ತು ಕಾಟಿಂಗ್‌ಹ್ಯಾಮ್, ಬ್ರೆಜಿಲ್‌ನ ಸೊಬ್ರಾಲ್‌ನಲ್ಲಿ ಕ್ರಾಮೆಲಿನ್ ಮತ್ತು ಡೇವಿಡ್‌ಸನ್ ಚಿತ್ರ ತೆಗೆದರು. ಪ್ರಿನ್ಸಿಪೆಯಿಂದ 1.61, ಸೊಬ್ರಾಲ್‌ನ ನಾಲ್ಕು ಇಂಚಿನ ದೂರದರ್ಶಕದಿಂದ 1.98 ಎಂಬ ಉತ್ತರ ಬಂತು. ಆದರೆ ಸೊಬ್ರಾಲ್‌ನ ಇನ್ನೊಂದು ಉಪಕರಣವು 0.93 ಎಂದಿತು! ಬಿಸಿಲಿನ ಕಾವಿಗೆ ಅದಕ್ಕೆ ಬೆಳಕು ಒದಗಿಸುತ್ತಿದ್ದ ಕನ್ನಡಿ ವಿರೂಪಗೊಂಡು ನಕ್ಷತ್ರಗಳ ಬಿಂಬ ಹರಡಿತ್ತು. ಚಿತ್ರದ ಅಳತೆ ಪ್ರಮಾಣವೇ ಬದಲಾಗಿರುವ ಸಂಶಯವಿತ್ತು. ಹಾಗಾಗಿ ಆ ಉತ್ತರಕ್ಕೆ ಕಡಿಮೆ ಬೆಲೆ ಕೊಟ್ಟರು. 1979ರಲ್ಲಿ ಅದೇ ಗಾಜಿನ ಫಲಕಗಳನ್ನು ಆಧುನಿಕ ಯಂತ್ರದಿಂದ ಮತ್ತೆ ಅಳೆದಾಗ 0.93 ಎಂದಿದ್ದ ಉಪಕರಣದಿಂದಲೇ 1.55 ಎಂಬ ಉತ್ತರ ಬಂತು. ದೋಷ ಇದ್ದದ್ದು ಉಪಕರಣ ಮತ್ತು ಲೆಕ್ಕದಲ್ಲಿ. ಗುರುತ್ವದ ಮೊದಲ ಬೆಳಕಿನ ಪರೀಕ್ಷೆಯೇ ವಾಲಿಕೆಯ ಪಾಠವನ್ನೂ ಕಲಿಸಿತ್ತು.

ಸೂರ್ಯನ ಬದಲು ಇಡೀ ಗೆಲಾಕ್ಸಿಯೋ ಗೆಲಾಕ್ಸಿಗಳ ಗುಂಪೋ ಅಡ್ಡ ಬಂದರೆ ಅದು ಮಸೂರದಂತೆ ವರ್ತಿಸಿ ಹಿಂದಿರುವ ಕಾಯದ ಎರಡು, ನಾಲ್ಕು ಬಿಂಬಗಳನ್ನೇ ಮೂಡಿಸಬಲ್ಲದು. ಇಂಥ ಮೊದಲ ಗುರುತ್ವ ಮಸೂರ 1979ರಲ್ಲಿ ಪತ್ತೆಯಾಯಿತು. ಈ ಕ್ಷೇತ್ರ ಎಳೆಯದಾಗಿದ್ದಾಗಲೇ ಕರ್ನಾಟಕದಿಂದ ಕೊಡುಗೆ ಸಂದಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ರಾಜಾರಾಮ್ ನಿತ್ಯಾನಂದ ಅವರು ಜೆರೆಮಿಯಾ ಆಸ್ಟ್ರೈಕರ್ ಜೊತೆ, ಗೆಲಾಕ್ಸಿಯ ಹೊರವಲಯದ ನಕ್ಷತ್ರಗಳು ಮಸೂರಗಳಾಗಿ ವರ್ತಿಸುವ ಬಗೆಯನ್ನು ವಿವರಿಸಿದ ಪ್ರಬಂಧ 1984ರಲ್ಲಿ ಬೆಂಗಳೂರಿನಿಂದಲೇ ಹೊರಡುವ ಖಭೌತ ನಿಯತಕಾಲಿಕದಲ್ಲಿ ಪ್ರಕಟವಾಯಿತು.

ಕಣದಲ್ಲಿ ಹರಡಿದ ಕಾಫಿ ಬೀಜ

ಎರಡೆರಡು ಬಿಂಬ ಮೂಡಿಸುವ ಪ್ರಬಲ ಮಸೂರಗಳು ಅಪರೂಪ. ಆದರೆ ದೂರದ ಪ್ರತಿಯೊಂದು ಗೆಲಾಕ್ಸಿಯ ಬೆಳಕೂ ನಮ್ಮತ್ತ ಬರುವ ದಾರಿಯಲ್ಲಿ ದ್ರವ್ಯದ ಅನೇಕ ಹೆಣಿಗೆಗಳನ್ನು ದಾಟಿಬರುತ್ತದೆ. ಅವುಗಳಲ್ಲಿ ಹೆಚ್ಚಿನದು ಕಣ್ಣಿಗೆ ಕಾಣದ ಕಪ್ಪು ದ್ರವ್ಯ. ಪರಿಣಾಮವಾಗಿ ಗೆಲಾಕ್ಸಿಯ ಬಿಂಬ ಒಂದು ದಿಕ್ಕಿಗೆ ತುಸು ಎಳೆದಂತಾಗುತ್ತದೆ. ಈ ಎಳೆತಕ್ಕೆ ‘ಷಿಯರ್’ ಎಂದು ಹೆಸರು. ಸಾಮಾನ್ಯವಾಗಿ ಅದು ಶೇಕಡಾ 1ರ ಆಸುಪಾಸು. ಇದೇ ದುರ್ಬಲ ಗುರುತ್ವ ಮಸೂರ.

ಶೇಕಡಾ 1ರ ಎಳೆತವನ್ನು ಒಂದು ಗೆಲಾಕ್ಸಿಯಲ್ಲಿ ಗುರುತಿಸಲು ಸಾಧ್ಯವಿಲ್ಲ. ಏಕೆಂದರೆ ಗೆಲಾಕ್ಸಿಗಳು ಸ್ವಭಾವತಃ ಗುಂಡಗಿಲ್ಲ. ಕಣದಲ್ಲಿ ಒಣಗಲು ಹರಡಿದ ಕಾಫಿ ಬೀಜಗಳನ್ನು ನೆನೆಯಿರಿ. ಪ್ರತಿ ಬೀಜವೂ ಉದ್ದುದ್ದ. ಒಂದು ಪೂರ್ವಕ್ಕೆ ಚಾಚಿದ್ದರೆ ಇನ್ನೊಂದು ಉತ್ತರಕ್ಕೆ, ಮತ್ತೊಂದು ಓರೆಯಾಗಿ. ಎಲ್ಲ ಬೀಜಗಳ ಉದ್ದ ಮತ್ತು ದಿಕ್ಕುಗಳ ಸರಾಸರಿ ತೆಗೆದರೆ ಯಾವ ದಿಕ್ಕಿಗೂ ಪಕ್ಷಪಾತ ಇರುವುದಿಲ್ಲ. ಈಗ ಕಣದ ಫೋಟೋ ತೆಗೆದು ಅದನ್ನು ಪೂರ್ವ–ಪಶ್ಚಿಮವಾಗಿ ಶೇಕಡಾ 1ರಷ್ಟು ಹಿಗ್ಗಿಸಿದರೆ ಯಾವ ಒಂದು ಬೀಜವನ್ನು ನೋಡಿಯೂ ಅದು ಗೊತ್ತಾಗದು. ಸಾವಿರಾರು ಬೀಜಗಳ ಸರಾಸರಿ ತೆಗೆದಾಗ ಮಾತ್ರ ಪೂರ್ವ–ಪಶ್ಚಿಮದ ಕಡೆ ಸಣ್ಣ ಒಲವು ಕಾಣುತ್ತದೆ.

ಲೆಕ್ಕ ಸರಳ. ಗೆಲಾಕ್ಸಿಗಳ ಸ್ವಂತ ಉದ್ದುದ್ದತನದ ಹರವು ಸುಮಾರು 0.3. ಗೆಲಾಕ್ಸಿಗಳ ಸಂಖ್ಯೆಯ ವರ್ಗಮೂಲದಿಂದ ಇದನ್ನು ಭಾಗಿಸಿದರೆ ಯಾದೃಚ್ಛಿಕ ದೋಷ ಸಿಗುತ್ತದೆ. 900 ಗೆಲಾಕ್ಸಿಗಳಿಗೆ ಅದು 0.01, ಅಂದರೆ ಹುಡುಕುತ್ತಿರುವ ಎಳೆತದಷ್ಟೇ ದೊಡ್ಡದು. 90,000 ಗೆಲಾಕ್ಸಿಗಳಿಗೆ 0.001. ಒಂಬತ್ತು ಕೋಟಿಗೆ ಸುಮಾರು 0.00003. ಹೀಗಾಗಿ 2000ನೇ ಇಸವಿಯಲ್ಲಿ ನಾಲ್ಕು ತಂಡಗಳು ವಿಶ್ವದ ದ್ರವ್ಯಜಾಲದಿಂದಾದ ಎಳೆತವನ್ನು ಮೊದಲ ಬಾರಿಗೆ ಪತ್ತೆಹಚ್ಚಿದ ಮೇಲೆ ಸಮೀಕ್ಷೆಗಳು ದೊಡ್ಡದಾಗುತ್ತ ಹೋದವು. ಚಿಲಿ ದೇಶದ 4 ಮೀಟರ್ ಬ್ಲಾಂಕೊ ದೂರದರ್ಶಕದಿಂದ ನಡೆದ ‘ಡಾರ್ಕ್ ಎನರ್ಜಿ ಸರ್ವೆ’ಯ ಮೊದಲ ಮೂರು ವರ್ಷಗಳ ದತ್ತಾಂಶದಲ್ಲೇ ಹತ್ತು ಕೋಟಿ ಗೆಲಾಕ್ಸಿಗಳ ಆಕಾರವನ್ನು ಅಳೆಯಲಾಗಿದೆ.

ಸಂಖ್ಯೆ ಹೆಚ್ಚಿದಂತೆ ಯಾದೃಚ್ಛಿಕ ದೋಷ ಕುಗ್ಗುತ್ತದೆ. ವಾಲಿಕೆ ಮಾತ್ರ ಕುಗ್ಗದೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಸಮೀಕ್ಷೆ ದೊಡ್ಡದಾದಷ್ಟೂ ವಾಲಿಕೆಯೇ ಮುಖ್ಯ ತೊಡಕಾಗುತ್ತದೆ.

ವಾಲಿಕೆ ಎಲ್ಲೆಲ್ಲಿಂದ?

ವಿಜ್ಞಾನಿಗಳು ಈ ವಾಲಿಕೆಯನ್ನು ಹೀಗೆ ಬರೆಯುತ್ತಾರೆ:

ಅಳೆದ ಎಳೆತ = (1 + ಮ) × ನಿಜವಾದ ಎಳೆತ + ಕ

ಇಲ್ಲಿ ‘ಮ’ ಎಂಬುದು ಗುಣಕ ದೋಷ, ಮಳೆಮಾಪಕದ ನಗ್ಗಿದ ಅಂಚಿನಂತೆ. ‘ಕ’ ಎಂಬುದು ಸಂಕಲನ ದೋಷ, ಕೊಂಬೆಯಿಂದ ತೊಟ್ಟಿಕ್ಕುವ ಹನಿಯಂತೆ. ಸಂಕಲನ ದೋಷವನ್ನು ಹಿಡಿಯುವುದು ಸ್ವಲ್ಪ ಸುಲಭ. ಮಳೆ ಬಾರದ ದಿನ ಮಾಪಕದಲ್ಲಿ ನೀರು ಕಂಡರೆ ಸಂಶಯ ಬರುವಂತೆ, ಇಡೀ ಆಕಾಶದ ಸರಾಸರಿ ಎಳೆತ ಸೊನ್ನೆಯಾಗದಿದ್ದರೆ ಏನೋ ತಪ್ಪಿದೆ ಎಂದರ್ಥ. ಗುಣಕ ದೋಷ ಹಾಗಲ್ಲ. ಎಲ್ಲ ಓದುಗಳೂ ಒಂದೇ ಪ್ರಮಾಣದಲ್ಲಿ ಕುಗ್ಗಿದ್ದರೆ ಪುಸ್ತಕವನ್ನು ಎಷ್ಟು ತಿರುವಿದರೂ ಅದು ಕಾಣುವುದಿಲ್ಲ. ಈ ದೋಷಗಳ ಮೂಲಗಳನ್ನು ಒಂದೊಂದಾಗಿ ನೋಡೋಣ.

ಬಿಂಬದ ಹರಡಿಕೆ: ಮಡಿಕೇರಿಯ ಮಂಜಿನಲ್ಲಿ ಬೀದಿ ದೀಪವನ್ನು ನೋಡಿದರೆ ಅದು ಚುಕ್ಕೆಯಾಗಿ ಕಾಣದೆ ಬೆಳಕಿನ ಉಂಡೆಯಾಗಿ ಕಾಣುತ್ತದೆ. ಹಾಗೆಯೇ ವಾಯುಮಂಡಲ, ಕನ್ನಡಿ, ಕ್ಯಾಮೆರಾ ಎಲ್ಲವೂ ಸೇರಿ ಆಕಾಶಕಾಯದ ಬಿಂಬವನ್ನು ಹರಡುತ್ತವೆ. ಹರಡಿಕೆ ಗುಂಡಗಿದ್ದರೆ ಗೆಲಾಕ್ಸಿಗಳು ಇರುವುದಕ್ಕಿಂತ ಗುಂಡಗೆ ಕಂಡು ಎಳೆತ ಕಡಿಮೆಯಾಗಿ ಕಾಣುತ್ತದೆ. ಇದು ಗುಣಕ ದೋಷ. ದೂರದರ್ಶಕ ಗಾಳಿಗೆ ಅದುರಿ ಹರಡಿಕೆಯೇ ಉದ್ದುದ್ದವಾದರೆ ಎಲ್ಲ ಗೆಲಾಕ್ಸಿಗಳೂ ಆ ಕಡೆಗೆ ಚಾಚುತ್ತವೆ. ಇದು ಸಂಕಲನ ದೋಷ. ಇದನ್ನು ಸರಿಪಡಿಸಲು ನಕ್ಷತ್ರಗಳೇ ನೆರವಿಗೆ ಬರುತ್ತವೆ. ನಕ್ಷತ್ರ ನಿಜವಾಗಿ ಚುಕ್ಕೆಯಾದ್ದರಿಂದ ಅದರ ಬಿಂಬದ ಆಕಾರವೇ ಹರಡಿಕೆಯ ಆಕಾರ. ಚಿತ್ರದ ಅಲ್ಲಲ್ಲಿ ಇರುವ ನಕ್ಷತ್ರಗಳಿಂದ ಹರಡಿಕೆಯನ್ನು ಕಲಿತು ಗೆಲಾಕ್ಸಿ ಇರುವ ಜಾಗಕ್ಕೆ ಅನ್ವಯಿಸುತ್ತಾರೆ. 1995ರಲ್ಲಿ ಕೈಸರ್, ಸ್ಕ್ವೈರ್ಸ್ ಮತ್ತು ಬ್ರಾಡ್‌ಹರ್ಸ್ಟ್ ರೂಪಿಸಿದ ವಿಧಾನ ಬಹುಕಾಲ ಬಳಕೆಯಲ್ಲಿತ್ತು. ಇಲ್ಲಿಯೂ ತೊಡಕುಗಳಿವೆ. ಸಿಸಿಡಿ ಫಲಕದಲ್ಲಿ ಪ್ರಕಾಶಮಾನ ನಕ್ಷತ್ರದ ಬಿಂಬ ಮಂಕು ನಕ್ಷತ್ರದ ಬಿಂಬಕ್ಕಿಂತ ಸ್ವಲ್ಪ ದಪ್ಪಗಾಗುತ್ತದೆ. ಈಗಾಗಲೇ ಸೇರಿದ ವಿದ್ಯುತ್ ಕಣಗಳು ಹೊಸದಾಗಿ ಬರುವವನ್ನು ಪಕ್ಕಕ್ಕೆ ತಳ್ಳುವುದೇ ಕಾರಣ. ಹೀಗೆ ದಪ್ಪಗಾದ ನಕ್ಷತ್ರವನ್ನು ನೋಡಿ ಮಂಕು ಗೆಲಾಕ್ಸಿಯನ್ನು ತಿದ್ದಿದರೆ ತಿದ್ದುಪಡಿ ಅತಿಯಾಗುತ್ತದೆ.

ಗದ್ದಲದ ದೋಷ: ಮಂಕು ಗೆಲಾಕ್ಸಿಯ ಚಿತ್ರದಲ್ಲಿ ಹಿನ್ನೆಲೆಯ ಏರಿಳಿತ, ಅಂದರೆ ಗದ್ದಲ, ಹೆಚ್ಚು. ಗದ್ದಲ ಯಾದೃಚ್ಛಿಕ ತಾನೇ, ಸರಾಸರಿಯಲ್ಲಿ ಹೋಗಬೇಕಲ್ಲವೇ ಎಂದು ನೀವು ಕೇಳಬಹುದು. ಆದರೆ ಆಕಾರವನ್ನು ಸಾಮಾನ್ಯವಾಗಿ ಒಂದು ಸಂಖ್ಯೆಯನ್ನು ಇನ್ನೊಂದರಿಂದ ಭಾಗಿಸಿ ಪಡೆಯುತ್ತಾರೆ. 10ನ್ನು 5ರಿಂದ ಭಾಗಿಸಿದರೆ 2. ಗದ್ದಲದಿಂದಾಗಿ 5 ಎಂಬುದು ಒಮ್ಮೆ 4, ಒಮ್ಮೆ 6 ಆಯಿತೆನ್ನಿ. ಅವುಗಳ ಸರಾಸರಿ 5 ಆಗಿಯೇ ಇದೆ. ಆದರೆ ಭಾಗಲಬ್ಧಗಳು 2.5 ಮತ್ತು 1.67, ಅವುಗಳ ಸರಾಸರಿ 2.08. ಎರಡೂ ಕಡೆ ಸಮನಾಗಿ ತೂಗಿದ ಗದ್ದಲ ಉತ್ತರವನ್ನು ಶೇಕಡಾ 4ರಷ್ಟು ವಾಲಿಸಿಬಿಟ್ಟಿತು.

ಆಯ್ಕೆಯ ದೋಷ: ಕಾಫಿ ಬೀಜವನ್ನು ಜರಡಿ ಹಿಡಿದ ಮೇಲೆ ಉಳಿಯುವ ಬೀಜಗಳ ಸರಾಸರಿ ಗಾತ್ರ ಇಡೀ ಬೆಳೆಯ ಸರಾಸರಿಯಲ್ಲ. ಸಮೀಕ್ಷೆಯಲ್ಲೂ ಒಂದು ಜರಡಿ ಇದೆ. ಇಂತಿಷ್ಟು ಪ್ರಕಾಶ, ಇಂತಿಷ್ಟು ಗಾತ್ರ ಇರುವ ಗೆಲಾಕ್ಸಿಗಳನ್ನು ಮಾತ್ರ ಆರಿಸಿಕೊಳ್ಳುತ್ತಾರೆ. ಹರಡಿಕೆಯ ದಿಕ್ಕಿಗೇ ಉದ್ದವಾಗಿರುವ ಮಂಕು ಗೆಲಾಕ್ಸಿ ಅಡ್ಡವಾಗಿ ಇರುವುದಕ್ಕಿಂತ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಪ್ರತಿಯೊಂದರ ಆಕಾರವನ್ನು ಸರಿಯಾಗಿ ಅಳೆದರೂ ಆಯ್ಕೆಯಲ್ಲೇ ಪಕ್ಷಪಾತ ಸೇರಿಬಿಟ್ಟಿರುತ್ತದೆ.

ಒಂದಕ್ಕೊಂದು ಅಂಟಿದ ಬಿಂಬಗಳು: ಕಣದ ಫೋಟೋದಲ್ಲಿ ಎರಡು ಬೀಜ ತಾಗಿಕೊಂಡಿದ್ದರೆ ಕಂಪ್ಯೂಟರ್ ಅದನ್ನು ಒಂದೇ ಉದ್ದನೆಯ ಬೀಜ ಎಂದುಕೊಳ್ಳಬಹುದು. ಆಳವಾದ ಚಿತ್ರಗಳಲ್ಲಿ ಗೆಲಾಕ್ಸಿಗಳು ಹೀಗೆ ಒಂದರ ಮೇಲೊಂದು ಬೀಳುವುದು ಬಹಳ. ‘ಡಾರ್ಕ್ ಎನರ್ಜಿ ಸರ್ವೆ’ಯವರು ಕೃತಕ ಚಿತ್ರಗಳನ್ನು ರಚಿಸಿ ಪರೀಕ್ಷಿಸಿದಾಗ ಕಂಡ ಗುಣಕ ದೋಷ ಸುಮಾರು ಶೇಕಡಾ 2. ಅದರ ಮುಖ್ಯ ಕಾರಣ ಇದೇ ಅಂಟಿಕೆ.

ಇವಲ್ಲದೆ ಇನ್ನೆರಡು ತೊಡಕುಗಳಿವೆ. ಪಕ್ಕಪಕ್ಕದ ಗೆಲಾಕ್ಸಿಗಳು ಒಂದೇ ದ್ರವ್ಯರಾಶಿಯ ಸೆಳೆತದಲ್ಲಿ ಹುಟ್ಟಿ ಬೆಳೆದಿದ್ದರೆ, ಹಲಗೆಯಿಂದ ಎಳೆದ ಬೀಜಗಳಂತೆ ಮೊದಲೇ ಒಂದೇ ದಿಕ್ಕಿಗೆ ಸಾಲುಗಟ್ಟಿರಬಹುದು. ಅದನ್ನು ಮಸೂರದ ಪರಿಣಾಮ ಎಂದು ಎಣಿಸಬಾರದು. ಎರಡನೆಯದು ಗೆಲಾಕ್ಸಿಗಳ ದೂರ. ದೂರ ಹೆಚ್ಚಿದಷ್ಟೂ ಎಳೆತ ಹೆಚ್ಚು. ಕೋಟಿಗಟ್ಟಲೆ ಗೆಲಾಕ್ಸಿಗಳ ರೋಹಿತವನ್ನು ಪಡೆಯಲಾಗದ್ದರಿಂದ ಕೆಲವೇ ಬಣ್ಣದ ಶೋಧಕಗಳಲ್ಲಿ ಅಳೆದ ಪ್ರಕಾಶದಿಂದ ಕೆಂಪು ಪಲ್ಲಟವನ್ನು ಅಂದಾಜು ಮಾಡುತ್ತಾರೆ. ಈ ಅಂದಾಜು ಒಂದು ಕಡೆಗೆ ವಾಲಿದರೆ ಆಕಾರದ ಅಳತೆ ಸರಿಯಿದ್ದರೂ ಅಂತಿಮ ಉತ್ತರ ತಪ್ಪುತ್ತದೆ.

ಪಣಕ್ಕಿರುವುದೇನು?

ಇಷ್ಟು ಸಣ್ಣ ದೋಷಗಳಿಗಾಗಿ ಇಷ್ಟೊಂದು ತಲೆಕೆಡಿಸಿಕೊಳ್ಳುವುದೇಕೆ? ಇಂದಿನ ವಿಶ್ವದಲ್ಲಿ ದ್ರವ್ಯ ಎಷ್ಟರ ಮಟ್ಟಿಗೆ ಗಂಟುಗಂಟಾಗಿದೆ ಎಂಬುದನ್ನು ‘ಎಸ್8’ ಎಂಬ ಸಂಖ್ಯೆ ಹೇಳುತ್ತದೆ. ಇದನ್ನು ಎರಡು ದಾರಿಗಳಿಂದ ತಿಳಿಯಬಹುದು. ಮೊದಲನೆಯದು, ವಿಶ್ವಕ್ಕೆ ಸುಮಾರು 3,80,000 ವರ್ಷ ವಯಸ್ಸಾಗಿದ್ದಾಗ ಹೊರಟ ಸೂಕ್ಷ್ಮತರಂಗ ಹಿನ್ನೆಲೆಯನ್ನು ಅಳೆದು, ಅಲ್ಲಿಂದ ಇಂದಿನವರೆಗೆ ಗಂಟುಗಳು ಹೇಗೆ ಬೆಳೆದಿರಬೇಕು ಎಂದು ಲೆಕ್ಕ ಹಾಕುವುದು. ಪ್ಲಾಂಕ್ ಉಪಗ್ರಹದ ಅಂತಿಮ ಫಲಿತಾಂಶದಂತೆ ಅದು 0.832, ಅನಿಶ್ಚಿತತೆ 0.013. ಎರಡನೆಯದು, ದುರ್ಬಲ ಮಸೂರದಿಂದ ನೇರವಾಗಿ ಅಳೆಯುವುದು. ಚಿಲಿಯ ಪರನಾಲ್‌ನಲ್ಲಿರುವ 2.6 ಮೀಟರ್ ದೂರದರ್ಶಕದಿಂದ ನಡೆದ ‘ಕಿಲೋ ಡಿಗ್ರಿ ಸರ್ವೆ’ 2020ರಲ್ಲಿ ಕೊಟ್ಟ ಉತ್ತರ ಸುಮಾರು 0.76. ‘ಡಾರ್ಕ್ ಎನರ್ಜಿ ಸರ್ವೆ’ 2021ರಲ್ಲಿ 0.776 ಎಂದಿತು.

ಮಸೂರದ ಉತ್ತರಗಳು ಒಂದೇ ಕಡೆಗೆ, ಕಡಿಮೆಯ ಕಡೆಗೆ ಬಿದ್ದಿದ್ದವು. ಇದರ ಅರ್ಥ ಎರಡರಲ್ಲಿ ಒಂದು. ಕಪ್ಪು ದ್ರವ್ಯ, ಕಪ್ಪು ಶಕ್ತಿ ಅಥವಾ ಗುರುತ್ವದ ಬಗ್ಗೆ ನಮಗೆ ತಿಳಿಯದ ಏನೋ ಗಂಟುಗಳ ಬೆಳವಣಿಗೆಯನ್ನು ತಡೆಯುತ್ತಿದೆ. ಇಲ್ಲವೇ ಅಳತೆ ವಾಲಿದೆ. ಹೊಸ ಭೌತವಿಜ್ಞಾನವೇ, ನಗ್ಗಿದ ಮಾಪಕವೇ ಎಂಬ ಪ್ರಶ್ನೆ ಸಾಮಾನ್ಯವಾದುದಲ್ಲ.

2025ರ ಮಾರ್ಚ್‌ನಲ್ಲಿ ‘ಕಿಲೋ ಡಿಗ್ರಿ ಸರ್ವೆ’ ತನ್ನ ಪೂರ್ಣ ದತ್ತಾಂಶದ, 1347 ಚದರ ಡಿಗ್ರಿ ಆಕಾಶದ, ವಿಶ್ಲೇಷಣೆಯನ್ನು ಮುಂದಿಟ್ಟಿತು. ಈ ಬಾರಿ ಬಂದ ಉತ್ತರ 0.815. ಪ್ಲಾಂಕ್‌ನ ಉತ್ತರಕ್ಕೂ ಇದಕ್ಕೂ ಈಗ ಗಣನೀಯ ಅಂತರವಿಲ್ಲ. ಬದಲಾವಣೆಗೆ ತಂಡ ಕೊಟ್ಟ ಕಾರಣಗಳು: ಕೆಂಪು ಪಲ್ಲಟದ ಅಂದಾಜನ್ನು ಹೆಚ್ಚು ರೋಹಿತಗಳೊಡನೆ ಹೋಲಿಸಿ ತಿದ್ದಿದ್ದು, ಹೊಸ ಆಕಾಶಭಾಗ ಸೇರಿದ್ದು ಮತ್ತು ಚಿತ್ರಗಳ ಸಂಸ್ಕರಣೆ ಸುಧಾರಿಸಿದ್ದು. ಆಕಾಶ ಬದಲಾಗಿರಲಿಲ್ಲ, ಅಳತೆ ಸುಧಾರಿಸಿತ್ತು. ಆದರೂ ಒಂದು ಸಮೀಕ್ಷೆಯ ಉತ್ತರದಿಂದ ಪ್ರಶ್ನೆ ಮುಗಿದಂತಲ್ಲ. ಬೇರೆ ದೂರದರ್ಶಕ, ಬೇರೆ ಕ್ಯಾಮೆರಾ, ಬೇರೆ ವಿಧಾನಗಳಿಂದ ಅದೇ ಉತ್ತರ ಬರಬೇಕು.

ವಾಲಿಕೆಗೆ ಮದ್ದು

ಮಳೆಮಾಪಕ ಸರಿಯಿದೆಯೇ ಎಂದು ನೋಡಲು ಸುಲಭದ ದಾರಿ ಯಾವುದು? ನಮಗೆ ಗೊತ್ತಿರುವಷ್ಟು ನೀರನ್ನು ನಾವೇ ಸುರಿದು ಅದು ಎಷ್ಟು ತೋರಿಸುತ್ತದೆ ಎಂದು ನೋಡುವುದು. ಖಗೋಳ ವಿಜ್ಞಾನಿಗಳೂ ಅದನ್ನೇ ಮಾಡಿದರು. ಗೊತ್ತಿರುವ ಎಳೆತವನ್ನು ಸೇರಿಸಿ ಕಂಪ್ಯೂಟರ್‌ನಲ್ಲಿ ಕೃತಕ ಆಕಾಶವನ್ನು ರಚಿಸಿ, ಉತ್ತರವನ್ನು ಗುಟ್ಟಾಗಿಟ್ಟು, ಅಳೆಯಿರಿ ನೋಡೋಣ ಎಂದು ಬೇರೆ ಬೇರೆ ತಂಡಗಳಿಗೆ ಕೊಟ್ಟರು. 2006ರಲ್ಲಿ ಮೊದಲ ಫಲಿತಾಂಶ ಪ್ರಕಟವಾದ ‘ಸ್ಟೆಪ್’, ಅನಂತರದ ‘ಗ್ರೇಟ್08’, ‘ಗ್ರೇಟ್10’, ‘ಗ್ರೇಟ್3’ ಇಂಥ ಪರೀಕ್ಷೆಗಳು. ಒಳ್ಳೆಯ ವಿಧಾನಗಳೂ ಶೇಕಡಾ ಒಂದೆರಡರಷ್ಟು ತಪ್ಪುತ್ತವೆ ಎಂಬುದು ಇವುಗಳಿಂದ ಬಯಲಾಯಿತು.

ಕೃತಕ ಆಕಾಶ ನಿಜವಾದ ಆಕಾಶವನ್ನು ಪೂರ್ತಿ ಹೋಲದಿದ್ದರೆ? 2017ರಲ್ಲಿ ಹಫ್, ಮ್ಯಾಂಡೆಲ್‌ಬಾಮ್ ಮತ್ತು ಶೆಲ್ಡನ್ ಅವರು ಮಂಡಿಸಿದ ‘ಮೆಟಾಕ್ಯಾಲಿಬ್ರೇಷನ್’ ಈ ತೊಡಕನ್ನು ಬಹುಮಟ್ಟಿಗೆ ದಾಟುತ್ತದೆ. ಇದರಲ್ಲಿ ನಿಜವಾದ ಗೆಲಾಕ್ಸಿಯ ಚಿತ್ರವನ್ನೇ ತೆಗೆದುಕೊಂಡು ಕಂಪ್ಯೂಟರ್‌ನಲ್ಲಿ ಶೇಕಡಾ 1ರಷ್ಟು ಎಳೆದು ಮತ್ತೆ ಅಳೆಯುತ್ತಾರೆ. ಅಳತೆ ಶೇಕಡಾ 1 ಹೆಚ್ಚಾದರೆ ವಿಧಾನ ಸರಿ. 0.8 ಮಾತ್ರ ಹೆಚ್ಚಾದರೆ ಮೂಲ ಅಳತೆಯನ್ನು 0.8ರಿಂದ ಭಾಗಿಸಿ ತಿದ್ದುತ್ತಾರೆ. ಮಾಪಕ ತನ್ನ ದೋಷವನ್ನು ತಾನೇ ಹೇಳಿದಂತಾಯಿತು.

ಇನ್ನೊಂದು ವಾಲಿಕೆ ಉಪಕರಣದಲ್ಲಿಲ್ಲ, ಅಳೆಯುವವರ ಮನಸ್ಸಿನಲ್ಲಿದೆ. ನಿರೀಕ್ಷಿಸಿದ ಉತ್ತರ ಬಂದಾಗ ದೋಷ ಹುಡುಕುವುದನ್ನು ನಿಲ್ಲಿಸುವುದು, ಬಾರದಿದ್ದಾಗ ಹುಡುಕುತ್ತಲೇ ಇರುವುದು ಮನುಷ್ಯ ಸ್ವಭಾವ. ಅದಕ್ಕೆಂದೇ ಆಕಾರಗಳ ಪಟ್ಟಿಯನ್ನು ಗುಟ್ಟಿನ ಸಂಖ್ಯೆಯೊಂದರಿಂದ ಮೊದಲೇ ಬದಲಾಯಿಸಿ ಕೊಡುತ್ತಾರೆ. ವಿಧಾನದ ಎಲ್ಲ ತೀರ್ಮಾನಗಳೂ ಮುಗಿದ ಮೇಲೆಯೇ ಗುಟ್ಟನ್ನು ತೆರೆಯುವುದು. ಆಮೇಲೆ ಉತ್ತರ ಹೇಗಿದ್ದರೂ ಪ್ರಕಟಿಸಬೇಕು.

2023ರ ಜುಲೈ 1ರಂದು ಉಡಾವಣೆಗೊಂಡ ಯೂಕ್ಲಿಡ್ ದೂರದರ್ಶಕ ವಾಯುಮಂಡಲದ ಆಚೆಯಿಂದ ಆಕಾಶದ ಮೂರನೇ ಒಂದು ಭಾಗವನ್ನು ಚಿತ್ರಿಸಲು ಹೊರಟಿದೆ. ಚಿಲಿಯಲ್ಲಿ 8.4 ಮೀಟರ್ ಕನ್ನಡಿಯ ವೆರಾ ರೂಬಿನ್ ವೀಕ್ಷಣಾಲಯದ ಮೊದಲ ಚಿತ್ರಗಳು 2025ರ ಜೂನ್‌ನಲ್ಲಿ ಬಿಡುಗಡೆಯಾದವು. ಇವು ನೂರು ಕೋಟಿಗೂ ಹೆಚ್ಚು ಗೆಲಾಕ್ಸಿಗಳ ಆಕಾರ ಅಳೆಯಲು ಸಾಧ್ಯವಾಗಿಸುತ್ತವೆ. ಯೂಕ್ಲಿಡ್‌ನ ಗುಣಕ ದೋಷ 0.002ನ್ನು ಮೀರಬಾರದು ಎಂಬುದು ಅದರ ಯೋಜಕರು ಹಾಕಿಕೊಂಡ ಮಿತಿ. ತೋಟದ ಭಾಷೆಯಲ್ಲಿ ಹೇಳುವುದಾದರೆ ನೂರು ಇಂಚು ಮಳೆಗೆ ಇಪ್ಪತ್ತು ಸೆಂಟ್.

ನಿಮ್ಮ ಶಾಲೆಯಲ್ಲೋ ತೋಟದಲ್ಲೋ ಮಳೆಮಾಪಕ ಇದ್ದರೆ ಒಮ್ಮೆ ಹತ್ತಿರ ಹೋಗಿ ನೋಡಿ. ಅಂಚು ನಗ್ಗಿದೆಯೇ? ಮೇಲೆ ಕೊಂಬೆ ಚಾಚಿದೆಯೇ? ಗೊತ್ತಿರುವಷ್ಟು ನೀರು ಸುರಿದರೆ ಅಷ್ಟೇ ತೋರಿಸುತ್ತದೆಯೇ? ಪಕ್ಕದ ತೋಟದ ಮಾಪಕದೊಡನೆ ಹೋಲಿಸಿದರೆ ವ್ಯತ್ಯಾಸ ಸದಾ ಒಂದೇ ಕಡೆಗೆ ಬೀಳುತ್ತದೆಯೇ? ವಿಶ್ವವನ್ನು ತೂಗುವವರು ಈಗ ಕೇಳಿಕೊಳ್ಳುತ್ತಿರುವುದೂ ಇವೇ ಪ್ರಶ್ನೆಗಳನ್ನು.